ಮ್ಯೋಡ್ಲಾರಾಯ್ಟಿನಲ್ಲಿ ನಾನು ಊರು ತೋರಿಸುವ ಬಗೆ

ನ್ಯೂರೆಂಬರ್ಗ್‌ನಲ್ಲಿರುವ ನಮ್ಮ ಕನ್ನಡದ ಗೆಳೆಯರ ಬಳಗಕ್ಕೆ ಸುತ್ತಮುತ್ತಲಿನ ಊರುಗಳನ್ನು ತೋರಿಸುವ ಕೆಲಸವನ್ನು ಕೆಲವು ವರ್ಷಗಳಿಂದ ನಾನೇ ಹಚ್ಚಿಕೊಂಡಿದ್ದೇನೆ. ಕೋಟೆಯನ್ನೋ ಚರ್ಚನ್ನೋ ತೋರಿಸುವುದು ಕಷ್ಟವಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಹೋಫ್ ಪಟ್ಟಣದಾಚೆಯ ಮ್ಯೋಡ್ಲಾರಾಯ್ಟ್ ಎಂಬ ಹಳ್ಳಿ. ಇರುವವರು ಐವತ್ತರ ಆಸುಪಾಸು ಜನ. ಜರ್ಮನಿ ಎರಡಾಗಿದ್ದ ಕಾಲದಲ್ಲಿ ಬರ್ಲಿನ್‌ನಂತೆ ಇದರ ನಡುವೆಯೂ ಗೋಡೆ ಎದ್ದಿತ್ತು; ಅದಕ್ಕೇ ಅಮೆರಿಕದ ಸೈನಿಕರು ಇದನ್ನು 'ಪುಟ್ಟ ಬರ್ಲಿನ್' ಎಂದು ಕರೆಯುತ್ತಿದ್ದರು.

ಮೊದಲ ಸಲ ಎಲ್ಲರನ್ನೂ ನೇರವಾಗಿ ಗೋಡೆಯ ಬಳಿಗೆ ಕರೆದೊಯ್ದೆ. ಫೋಟೊ ತೆಗೆದುಕೊಂಡರು, ಹತ್ತು ನಿಮಿಷದಲ್ಲಿ ಮುಗಿಯಿತು. "ಬರ್ಲಿನ್‌ನಲ್ಲಿ ಇದಕ್ಕಿಂತ ಉದ್ದದ್ದು ಇದೆಯಲ್ಲ?" ಎಂದು ಒಬ್ಬರು ಕೇಳಿದರು. ಅವರ ಮಾತು ಸರಿಯಾಗಿತ್ತು. ತಪ್ಪಿದ್ದು ನಾನು ಶುರುಮಾಡಿದ ಜಾಗದಲ್ಲಿ.

ಈಗ ತೊರೆಯಿಂದ ಆರಂಭಿಸುತ್ತೇನೆ. ಊರಿನ ನಡುವೆ ಹರಿಯುವ ಟಾನ್‌ಬಾಖ್ ದಾಟಲು ಒಂದು ದಾಪುಗಾಲು ಸಾಕು. ಅದರ ಅಂಚಿನಲ್ಲಿ 1810ರಲ್ಲಿ ನೆಟ್ಟ ಗಡಿಕಲ್ಲುಗಳಿವೆ. ಒಂದು ಮುಖದಲ್ಲಿ 'ಕೆಬಿ', ಅಂದರೆ ಬವೇರಿಯಾ ರಾಜ್ಯ. ಇನ್ನೊಂದರಲ್ಲಿ 'ಎಫ್ಆರ್', ಅಂದರೆ ರಾಯ್ಸ್ ಸಂಸ್ಥಾನ. ಮಕ್ಕಳಿಗೆ ಆ ಅಕ್ಷರಗಳ ಮೇಲೆ ಬೆರಳಾಡಿಸಲು ಹೇಳುತ್ತೇನೆ. ಗಡಿ ಇತ್ತು, ಆದರೆ ಯಾರ ಕಾಲಿಗೂ ತೊಡರಲಿಲ್ಲ. ಎರಡೂ ದಡದ ಮಕ್ಕಳು ಥುರಿಂಗಿಯಾ ಕಡೆಯ, ಅಂದರೆ ರಾಯ್ಸ್ ಸಂಸ್ಥಾನವಿದ್ದ ಬದಿಯ ಶಾಲೆಯಲ್ಲಿ ಕಲಿತರು, ದೊಡ್ಡವರು ಅದೇ ಕಡೆಯ ಪಾನಗೃಹದಲ್ಲಿ ಕೂತರು, ಭಾನುವಾರ ಬವೇರಿಯಾದ ಟ್ಯೋಪೆನ್ ಚರ್ಚಿಗೆ ನಡೆದರು. ಇದನ್ನು ಹೇಳಲು ನಾನು ಅರ್ಧ ಗಂಟೆ ತೆಗೆದುಕೊಳ್ಳುತ್ತೇನೆ. ಏನು ಕಳೆದುಹೋಯಿತು ಎಂಬುದು ತಿಳಿಯದೆ ಗೋಡೆಯನ್ನು ನೋಡಿ ಪ್ರಯೋಜನವಿಲ್ಲ ಎಂಬುದು ನನ್ನ ಗಟ್ಟಿಯಾದ ನಂಬಿಕೆ.

ಆಮೇಲೆ ಒಂದೊಂದು ಜಾಗಕ್ಕೆ ಒಂದೇ ಇಸವಿ. ಯುದ್ಧದ ನಂತರ ಥುರಿಂಗಿಯಾ ಸೋವಿಯತ್ ವಲಯಕ್ಕೆ, ಬವೇರಿಯಾ ಅಮೆರಿಕದ ವಲಯಕ್ಕೆ ಸೇರಿತ್ತು. 1949ರಲ್ಲಿ ಥುರಿಂಗಿಯಾ ಪೂರ್ವ ಜರ್ಮನಿಗೆ, ಬವೇರಿಯಾ ಪಶ್ಚಿಮ ಜರ್ಮನಿಗೆ ಸೇರಿ, ಆ ತೊರೆಯೇ ಎರಡು ದೇಶಗಳ ಗಡಿಯಾಯಿತು. 1952ರಲ್ಲಿ ಪೂರ್ವ ಜರ್ಮನಿ ಮರದ ಹಲಗೆಗಳ ಬೇಲಿ ಹಾಕಿತು. ಗಡಿವಲಯದಲ್ಲಿ ತನಗೆ ನಂಬಿಕೆಯಿಲ್ಲದ ಕುಟುಂಬಗಳನ್ನು ಅದೇ ವರ್ಷ ಎಬ್ಬಿಸಿ ಒಳನಾಡಿಗೆ ಸಾಗಿಸಿತು. 1966ರಲ್ಲಿ ಕಾಂಕ್ರೀಟ್ ಗೋಡೆ ಬಂತು: 700 ಮೀಟರ್ ಉದ್ದ, ಮೂರು ಮೀಟರಿಗೂ ಮಿಕ್ಕಿ ಎತ್ತರ. ಅದರಲ್ಲಿ ಸುಮಾರು 100 ಮೀಟರ್ ಈಗಲೂ ನಿಂತಿದೆ. ಕಾವಲು ಗೋಪುರ, ಬೇಲಿಗಳ ಜೊತೆಗೆ ಅದು ಇಂದು ಜರ್ಮನ್-ಜರ್ಮನ್ ವಸ್ತುಸಂಗ್ರಹಾಲಯದ ಬಯಲು ಭಾಗ.

ಅಲ್ಲಿ ಬಳಗವನ್ನು ಎರಡು ಗುಂಪು ಮಾಡಿ ತೊರೆಯ ಎರಡು ಬದಿಗೆ ನಿಲ್ಲಿಸುತ್ತೇನೆ. ಪಶ್ಚಿಮದವರು ಕೈ ಬೀಸಬಹುದು, ಕರೆಯಬಹುದು. ಪೂರ್ವದವರು ಒಂದು ನಿಮಿಷ ಉತ್ತರಿಸಬಾರದು. ಅಂದಿನ ನಿಯಮವೇ ಹಾಗಿತ್ತು. ಪೂರ್ವದ ಮನೆಯವರು ಆಚೆ ದಡದ ಸ್ವಂತ ನೆಂಟರಿಗೂ ಕೈ ಎತ್ತುವಂತಿರಲಿಲ್ಲ. ಕಳೆದ ಸಲ ನನ್ನ ಅಮ್ಮ ಪೂರ್ವದ ಗುಂಪಿನಲ್ಲಿದ್ದರು. ಆಚೆಯಿಂದ ಮೊಮ್ಮಗಳು "ಅಜ್ಜೀ" ಎಂದು ಕೂಗಿದಳು. ಅಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ನಿಂತರು. ನಿಮಿಷ ಮುಗಿಯುವ ಮೊದಲೇ ನಾನು ಸಾಕು ಎಂದೆ.

1989ರ ಡಿಸೆಂಬರ್ 9ರಂದು, ಬರ್ಲಿನ್ ಗೋಡೆ ತೆರೆದು ಸರಿಯಾಗಿ ತಿಂಗಳಾದ ಮೇಲೆ, ಇಲ್ಲಿ ನಡೆದು ದಾಟಲು ದಾರಿ ಬಿಟ್ಟರು. ಮರುವರ್ಷ ಜೂನ್ 17ರಂದು ಯಂತ್ರ ತಂದು, ಈಗ ಉಳಿದಿರುವ ತುಂಡನ್ನು ಬಿಟ್ಟು ಗೋಡೆಯನ್ನು ಕೆಡವಿದರು.

ಹಳ್ಳಿ ಇಂದಿಗೂ ಎರಡು ರಾಜ್ಯಗಳಲ್ಲಿದೆ. ಒಂದು ಭಾಗ ಥುರಿಂಗಿಯಾದ ಗೇಫೆಲ್ ಪಟ್ಟಣಕ್ಕೆ, ಇನ್ನೊಂದು ಬವೇರಿಯಾದ ಟ್ಯೋಪೆನ್‌ಗೆ ಸೇರಿದೆ. ಪಿನ್‌ಕೋಡ್ ಬೇರೆ, ಫೋನ್ ಕೋಡ್ ಬೇರೆ. ಗಡಿ ಮತ್ತೆ ಆ ಹಳೆಯ ಕಲ್ಲುಗಳ ಗಡಿಯಾಗಿದೆ. ಬರುವ ವಸಂತದಲ್ಲಿ ತೊರೆಗುಂಟ ಮೇಲಕ್ಕೆ ನಡೆದು, ಉಳಿದ ಕಲ್ಲುಗಳನ್ನೂ ಹುಡುಕಿ ನಕ್ಷೆಯಲ್ಲಿ ಗುರುತು ಹಾಕಬೇಕೆಂದಿದ್ದೇನೆ. ಅಮ್ಮನೂ ಬರುತ್ತಾರಂತೆ.