ಬೇಸ್ ಮಾಡೆಲ್ ಕಾರಿಗೆ ಫಾಗ್ ಲ್ಯಾಂಪ್ ನೀವೇ ಕೂರಿಸುವುದು ಹೇಗೆ

ಅಂಗಡಿಗೆ ಹೋಗುವ ಮುಂಚೆ ಒಂದು ತೀರ್ಮಾನ ಮಾಡಿಕೊಳ್ಳಿ. ನಿಮಗೆ ಬೇಕಿರುವುದು ದೂರ ತೋರಿಸುವ ಲೈಟೋ, ಹತ್ತಿರ ತೋರಿಸುವ ಲೈಟೋ? ಎರಡೂ ಬೇರೆ ಬೇರೆ ಸಾಮಾನು. ದೂರ ಹೊಡೆಯುವ ಡ್ರೈವಿಂಗ್ ಲ್ಯಾಂಪ್ ಇರುವುದು ಹೈಬೀಮ್‌ಗೆ ಜೊತೆ ಕೊಡೋಕೆ, ಮಂಜಿನಲ್ಲಿ ಅದನ್ನು ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದು ನಿಂತ ಹಾಗಾಗುತ್ತದೆ, ಅಷ್ಟೇ. ಫಾಗ್ ಲ್ಯಾಂಪ್ ಬೆಳಕು ಅಗಲವಾಗಿ, ಚಪ್ಪಟೆಯಾಗಿ ಬರುತ್ತದೆ, ಮೇಲ್ಗಡೆ ನೇರವಾಗಿ ಕಟ್ ಆಗಿರುತ್ತದೆ. ಮಳೆಗಾಲದಲ್ಲಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗಲೋ, ಆಗುಂಬೆಯ ತಿರುವುಗಳಲ್ಲೋ ನಿಮಗೆ ಕಾಣಬೇಕಾದದ್ದು ಅರ್ಧ ಕಿಲೋಮೀಟರ್ ಆಚೆಯದ್ದಲ್ಲ. ರಸ್ತೆ ಅಂಚಿನ ಬಿಳಿ ಪಟ್ಟೆ, ಚರಂಡಿ, ತಿರುವಿನ ತಡೆಗೋಡೆ, ಇಷ್ಟು ಕಂಡರೆ ಸಾಕು. ಹಾಗಾಗಿ ಇಲ್ಲಿ ಹೇಳುತ್ತಿರುವುದು ಫಾಗ್ ಲ್ಯಾಂಪ್ ಬಗ್ಗೆ ಮಾತ್ರ.

ಹಳದಿ ತಗೊಳ್ಳೋದಾ, ಬಿಳಿಯಾ ಅಂತ ಎಲ್ಲರೂ ಕೇಳುತ್ತಾರೆ. ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆ ಅನ್ನುವುದು ಹಳೇ ನಂಬಿಕೆ. ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ದೊಡ್ಡದು, ಅದಕ್ಕೆ ತಾಗಿದರೆ ಯಾವ ಬಣ್ಣದ ಬೆಳಕಾದರೂ ಹೆಚ್ಚುಕಡಿಮೆ ಒಂದೇ ಥರ ಚದುರುತ್ತದೆ. ಹಳದಿಯಲ್ಲಿ ನೀಲಿ ಅಂಶ ಕಮ್ಮಿ ಇರುವುದರಿಂದ ಕಣ್ಣಿಗೆ ಚುಚ್ಚುವುದು ಕಮ್ಮಿ ಅನ್ನಿಸುತ್ತದೆ, ಅಷ್ಟು ಮಟ್ಟಿಗೆ ಸರಿ. ಫ್ರಾನ್ಸ್‌ನಲ್ಲಿ 1993ರವರೆಗೂ ಹೆಡ್‌ಲೈಟೇ ಹಳದಿ ಇರಬೇಕು ಅಂತ ಕಾನೂನಿತ್ತು, ಆಮೇಲೆ ಅವರೂ ಬಿಟ್ಟರು. ನಿಮಗೆ ಯಾವುದು ಹಿತವೋ ಅದನ್ನೇ ತಗೊಳ್ಳಿ. ಮಂಜಿನಲ್ಲಿ ಕೆಲಸ ಮಾಡುವುದು ಬಣ್ಣ ಅಲ್ಲ, ಲೈಟು ಎಷ್ಟು ತಗ್ಗಿನಲ್ಲಿದೆ ಮತ್ತು ಬೆಳಕು ಎಷ್ಟು ತಗ್ಗಿ ಬೀಳುತ್ತದೆ ಅನ್ನುವುದು.

ಕೊಳ್ಳುವಾಗ ಗಾಜಿನ ಮೇಲಿನ ಗುರುತು ಓದಿ. ವೃತ್ತದೊಳಗೆ ಇಂಗ್ಲಿಷಿನ ಇ ಅಕ್ಷರ, ಪಕ್ಕದಲ್ಲಿ ಒಂದು ಅಂಕಿ, ಹತ್ತಿರದಲ್ಲೇ ಬಿ ಅಥವಾ ಎಫ್3 ಅಂತ ಇದ್ದರೆ ಅದು ಮುಂದಿನ ಫಾಗ್ ಲ್ಯಾಂಪ್ ಅಂತ ಪರೀಕ್ಷೆ ಆಗಿ ಬಂದದ್ದು. ಚೌಕದ ಡಬ್ಬಿಯಲ್ಲಿ ಚುಕ್ಕೆ ಚುಕ್ಕೆ ಎಲ್‌ಇಡಿ ಜೋಡಿಸಿದ ಅಗ್ಗದ ಲೈಟುಗಳಿವೆಯಲ್ಲ, ಜಾಸ್ತಿ ಮಾರಾಟವಾಗುವುದು ಅವೇ. ಅವುಗಳಲ್ಲಿ ಬಹಳಷ್ಟು ಜೆಸಿಬಿ, ಟ್ರ್ಯಾಕ್ಟರ್‌ಗಳಿಗೆ ಹಾಕುವ ವರ್ಕ್ ಲೈಟು. ಬೆಳಕಿಗೆ ಕಟ್ ಅನ್ನುವುದೇ ಇರಲ್ಲ, ಮೇಲೆ ಕೆಳಗೆ ಎಲ್ಲ ಕಡೆ ಚೆಲ್ಲುತ್ತದೆ. ಎಷ್ಟೇ ತಗ್ಗಿಸಿ ತಿರುಗಿಸಿದರೂ ಎದುರು ಬರುವವನ ಕಣ್ಣಿಗೆ ಹೊಡೆಯುತ್ತದೆ. ಬೇಡ.

ಕಾನೂನಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕೇಂದ್ರ ಮೋಟಾರು ವಾಹನ ನಿಯಮಗಳ 111ನೇ ನಿಯಮದ ಪ್ರಕಾರ, ನೋಂದಣಿ ಅಧಿಕಾರಿಯ ಒಪ್ಪಿಗೆ ಇಲ್ಲದೆ ವಾಹನದ ಮುಂಭಾಗಕ್ಕೆ ಸ್ಪಾಟ್ ಲೈಟು, ಸರ್ಚ್ ಲೈಟು ಹಾಕುವಂತಿಲ್ಲ. ಬುಲ್ ಬಾರ್ (ಬಂಪರ್ ಮುಂದೆ ಕಟ್ಟುವ ಕಬ್ಬಿಣದ ಕಂಬಿ) ಹಾಕಿಸಿ ಅದರ ಮೇಲೆ ಲೈಟು ಕಟ್ಟುವ ಯೋಚನೆ ಇದ್ದರೆ ಅದನ್ನೂ ಬಿಡಿ. ಬುಲ್ ಬಾರ್ ನಿಯಮಬಾಹಿರ ಅಂತ ಕೇಂದ್ರ ಸಾರಿಗೆ ಇಲಾಖೆ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಅದು ಡಿಕ್ಕಿಯ ಪೆಟ್ಟು ಸೆನ್ಸರ್‌ಗೆ ತಲುಪುವ ರೀತಿಯನ್ನೇ ಬದಲಿಸಿಬಿಡಬಹುದು. ಕರ್ನಾಟಕದಲ್ಲಿ 2024ರ ಜುಲೈನಿಂದ ಕಣ್ಣು ಕುಕ್ಕುವ ಎಲ್‌ಇಡಿ ಲೈಟುಗಳ ಮೇಲೆ ಪೊಲೀಸರು ಕೇಸು ಹಾಕಲು ಶುರು ಮಾಡಿದ್ದೂ ನೆನಪಿರಲಿ. ಕಂಪನಿಯೇ ಟಾಪ್ ಮಾಡೆಲ್‌ಗೆ ಕೊಡುವ ಜಾಗದಲ್ಲಿ, ಗುರುತಿರುವ ಫಾಗ್ ಲ್ಯಾಂಪ್ ಹಾಕಿ, ಸರಿಯಾಗಿ ತಗ್ಗಿಸಿಟ್ಟುಕೊಂಡರೆ ಈ ತಲೆನೋವು ಬಹುಪಾಲು ಇಲ್ಲ.

ಆ ಜಾಗ ಹೆಚ್ಚಿನ ಬೇಸ್ ಮಾಡೆಲ್ ಕಾರುಗಳಲ್ಲಿ ಇದ್ದೇ ಇರುತ್ತದೆ. ಬಂಪರ್‌ನ ಎರಡು ಮೂಲೆಯಲ್ಲಿ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಇರುತ್ತದಲ್ಲ, ಅದೇ. ಅದನ್ನು ತೆಗೆದರೆ ಹಿಂದೆ ಸ್ಕ್ರೂ ಹಾಕುವ ಕಿವಿಗಳೂ ಸಿಗಬಹುದು. ನಿಮ್ಮ ಮಾಡೆಲ್‌ಗೇ ಮಾಡಿದ ಕಿಟ್ ಕೇಳಿದರೆ ಲ್ಯಾಂಪು, ತೂತಿರುವ ಹೊಸ ಮುಚ್ಚಳ, ವೈರಿಂಗ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸಣ್ಣ ಡಬ್ಬಿ), ಸ್ವಿಚ್ ಎಲ್ಲ ಒಟ್ಟಿಗೆ ಬರುತ್ತದೆ. ಬೆಂಗಳೂರಿನವರಾದರೆ ಜೆ.ಸಿ. ರೋಡಿನಲ್ಲಿ ಒಂದು ಸುತ್ತು ಹಾಕಿದರೆ ಸಾಕು. ಅಂಥ ಜಾಗ ಇಲ್ಲದ ಹಳೇ ಗಾಡಿಗೆ ಬ್ರಾಕೆಟ್ ಹಾಕಿ ಕೂರಿಸುವವರು ಅಳತೆ ನೋಡಿಕೊಳ್ಳಿ. ಲ್ಯಾಂಪಿನ ಕೆಳ ಅಂಚು ನೆಲದಿಂದ 25 ಸೆಂಟಿಮೀಟರ್‌ಗಿಂತ ಕೆಳಗೆ ಬೇಡ, ಮೇಲಿನ ಅಂಚು 80 ಸೆಂಟಿಮೀಟರ್ ದಾಟುವುದು ಬೇಡ, ಕಾರಿನ ಪಕ್ಕದ ಅಂಚಿನಿಂದ 40 ಸೆಂಟಿಮೀಟರ್‌ಗಿಂತ ಒಳಗೂ ಹೋಗುವುದು ಬೇಡ. ಬ್ರಾಕೆಟ್ಟನ್ನು ಬಂಪರ್‌ನ ಪ್ಲಾಸ್ಟಿಕ್‌ಗೆ ಸಿಕ್ಕಿಸಬೇಡಿ, ಒಳಗಿನ ಕಬ್ಬಿಣದ ಬೀಮ್‌ಗೋ ಚಾಸಿಗೋ ಬೋಲ್ಟ್ ಮಾಡಿ. ಪ್ಲಾಸ್ಟಿಕ್‌ಗೆ ಕಟ್ಟಿದ ಲೈಟು ಓಡುವಾಗ ನಡುಗುತ್ತದೆ, ಬೆಳಕೂ ನಡುಗುತ್ತದೆ, ರಾತ್ರಿ ಎರಡು ಗಂಟೆ ಓಡಿಸಿದರೆ ತಲೆ ಕೆಡುತ್ತದೆ. ರೇಡಿಯೇಟರ್ ಮುಂದೆ ಗ್ರಿಲ್‌ಗೆ ಅಡ್ಡ ಕೂರಿಸಿದರೆ ಗಾಳಿ ತಡೆಯುತ್ತದೆ, ಅಲ್ಲೂ ಬೇಡ.

ಇನ್ನು ವೈರಿಂಗ್. ಕಾರಿಗೆ ಬೆಂಕಿ ಹತ್ತುವುದಿದ್ದರೆ ಇಲ್ಲಿಂದಲೇ, ಆದ್ದರಿಂದ ಇದಕ್ಕೆ ಸಮಯ ಕೊಡಿ.

ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ ಪಕ್ಕಕ್ಕಿಡಿ. ಆಮೇಲೆ ಲೆಕ್ಕ. 55 ವ್ಯಾಟ್‌ನ ಎರಡು ಹ್ಯಾಲೊಜೆನ್ ಬಲ್ಬು ಅಂದರೆ 110 ವ್ಯಾಟ್, 12 ವೋಲ್ಟ್‌ನಿಂದ ಭಾಗಿಸಿದರೆ 9 ಆಂಪ್‌ಗೆ ಸ್ವಲ್ಪ ಜಾಸ್ತಿ. ಇದಕ್ಕೆ 15 ಆಂಪ್ ಫ್ಯೂಸ್, 30 ಆಂಪ್‌ನ ರಿಲೇ. ಬ್ಯಾಟರಿಯಿಂದ ರಿಲೇವರೆಗೆ 2.5 ಚದರ ಎಂಎಂ ವೈರ್, ಅಲ್ಲಿಂದ ಒಂದೊಂದು ಲ್ಯಾಂಪಿಗೆ 1.5 ಎಳೆದರೆ ಧಾರಾಳವಾಯಿತು. ಎಲ್‌ಇಡಿ ಆದರೆ ಕರೆಂಟು ಇದಕ್ಕಿಂತ ತುಂಬಾ ಕಮ್ಮಿ, ಫ್ಯೂಸನ್ನೂ ಅದಕ್ಕೆ ತಕ್ಕ ಹಾಗೆ ಇಳಿಸಿ. ಮನೆ ವೈರಿಂಗ್‌ನಲ್ಲಿ ಉಳಿದ ತುಂಡು ಇದೆ ಅಂತ ಬಳಸಬೇಡಿ. ಎಂಜಿನ್ ಬಿಸಿಗೆ, ಎಣ್ಣೆಗೆ ಅದರ ಮೇಲಿನ ಪ್ಲಾಸ್ಟಿಕ್ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಆಟೋ ವೈರ್ ಅಂತಲೇ ಕೇಳಿ ತನ್ನಿ.

ಹೆಡ್‌ಲೈಟ್ ವೈರಿನಿಂದಲೇ ಒಂದು ಕವಲು ತೆಗೆದುಬಿಡೋಣ, ರಿಲೇ ಯಾಕೆ ಅನ್ನುವವರಿದ್ದಾರೆ. ಆ ವೈರ್, ಆ ಫ್ಯೂಸ್, ಸ್ಟೀರಿಂಗ್ ಪಕ್ಕದ ಕಾಂಬಿನೇಷನ್ ಸ್ವಿಚ್ ಎಲ್ಲ ಹೆಡ್‌ಲೈಟಿನ ಕರೆಂಟಿಗೆ ಅಂತ ಲೆಕ್ಕ ಹಾಕಿ ಮಾಡಿದ್ದು. ಅದರ ಮೇಲೆ ಇನ್ನೂ 9 ಆಂಪ್ ಹೇರಿದರೆ ಫ್ಯೂಸ್ ಹೋಗುತ್ತದೆ, ಫ್ಯೂಸ್ ದೊಡ್ಡದು ಹಾಕಿದರೆ ಸ್ವಿಚ್ ಸುಡುತ್ತದೆ. ರಿಲೇ ಇದ್ದರೆ ಲ್ಯಾಂಪಿನ ಕರೆಂಟು ಬ್ಯಾಟರಿಯಿಂದ ನೇರ ಹೋಗುತ್ತದೆ, ಒಳಗಿನ ಸ್ವಿಚ್‌ಗೆ ರಿಲೇ ಎಳೆಯುವಷ್ಟು ಮಾತ್ರ, ಕಾಲು ಆಂಪ್ ಕೂಡ ಇಲ್ಲ.

ರಿಲೇ ತಿರುಗಿಸಿ ನೋಡಿದರೆ ಕಾಲುಗಳ ಪಕ್ಕ ನಂಬರ್ ಬರೆದಿರುತ್ತದೆ. 30ಕ್ಕೆ ಬ್ಯಾಟರಿ ಪಾಸಿಟಿವ್, ನಡುವೆ ಫ್ಯೂಸ್. 87ರಿಂದ ಎರಡು ಲ್ಯಾಂಪಿಗೆ. 86ಕ್ಕೆ ಒಳಗಿನ ಸ್ವಿಚ್‌ನಿಂದ ಬರುವ ವೈರ್. 85 ಅರ್ತ್‌ಗೆ, ಅಂದರೆ ಕಾರಿನ ಬಾಡಿಯ ಕಬ್ಬಿಣಕ್ಕೆ. ಐದು ಕಾಲಿನ ರಿಲೇ ಕೊಟ್ಟಿದ್ದರೆ ನಡುವೆ 87ಎ ಅಂತ ಒಂದಿರುತ್ತದೆ, ಅದರ ತಂಟೆಗೆ ಹೋಗಬೇಡಿ. ರಿಲೇ ಆಫ್ ಇದ್ದಾಗ ಕರೆಂಟು ಬರುವ ಕಾಲು ಅದು. ಫ್ಯೂಸನ್ನು ಬ್ಯಾಟರಿಯಿಂದ ಒಂದು ಗೇಣಿನೊಳಗೇ ಹಾಕಿ. ಫ್ಯೂಸಿಗಿಂತ ಮುಂಚೆ ಇರುವ ವೈರಿಗೆ ಯಾವ ಕಾವಲೂ ಇಲ್ಲ, ಅದು ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ಮುಗಿಯಿತು. ರಿಲೇಯನ್ನು ಕಾಲುಗಳು ಕೆಳಗೆ ಬರುವ ಹಾಗೆ ಕೂರಿಸಿ, ಆಗ ನೀರು ಒಳಗೆ ನಿಲ್ಲುವುದಿಲ್ಲ.

ಸ್ವಿಚ್‌ಗೆ ಕರೆಂಟು ಎಲ್ಲಿಂದ ಅನ್ನುವುದು ಮುಖ್ಯ. ಪಾರ್ಕಿಂಗ್ ಲೈಟಿನ ಫ್ಯೂಸಿನಿಂದ ಫ್ಯೂಸ್ ಟ್ಯಾಪ್ (ಫ್ಯೂಸಿನ ಜಾಗದಲ್ಲಿ ಸಿಕ್ಕಿಸಿ ಇನ್ನೊಂದು ವೈರ್ ತೆಗೆಯುವ ಕನೆಕ್ಟರ್) ಹಾಕಿ ತಗೊಳ್ಳಿ. ಆಗ ಪಾರ್ಕಿಂಗ್ ಲೈಟು ಹಾಕಿದ್ದಾಗ ಮಾತ್ರ ಫಾಗ್ ಲ್ಯಾಂಪ್ ಉರಿಯುತ್ತದೆ, ಅದನ್ನು ಆಫ್ ಮಾಡಿದರೆ ಇದೂ ಆಫ್. ಬ್ಯಾಟರಿಯಿಂದ ನೇರ ಕೊಟ್ಟರೆ ಕೀ ತೆಗೆದುಕೊಂಡು ಹೋದ ಮೇಲೂ ಉರಿಯುತ್ತಲೇ ಇರುತ್ತದೆ. ಸಣ್ಣ ಕಾರಿನ 35 ಆಂಪ್ ಅವರ್ ಬ್ಯಾಟರಿ ಈ ಲೆಕ್ಕದಲ್ಲಿ ನಾಲ್ಕು ಗಂಟೆ ಸಹ ಬಾಳುವುದಿಲ್ಲ. ಹೈಬೀಮ್‌ಗಂತೂ ಜೋಡಿಸಲೇಬೇಡಿ, ಮಂಜಿನಲ್ಲಿ ಹೈಬೀಮ್ ಆಫ್ ಇರಬೇಕಲ್ವಾ.

ಬಾನೆಟ್ ಒಳಗಿಂದ ಡ್ಯಾಶ್‌ಬೋರ್ಡ್ ಕಡೆಗೆ ವೈರ್ ದಾಟಿಸಲು ಫೈರ್‌ವಾಲ್‌ನಲ್ಲಿ (ಎಂಜಿನ್‌ಗೂ ಕಾರಿನ ಒಳಭಾಗಕ್ಕೂ ನಡುವಿನ ಕಬ್ಬಿಣದ ಗೋಡೆ) ಕಂಪನಿ ವೈರಿಂಗ್ ಹೋಗುವ ತೂತಿಗೆ ರಬ್ಬರ್ ಬಿರಡೆ, ಅಂದರೆ ಗ್ರಾಮೆಟ್ ಇರುತ್ತದೆ. ಅದರಲ್ಲೇ ಸಣ್ಣ ತೂತು ಮಾಡಿ ತೂರಿಸಿ, ಹೊಸದಾಗಿ ಡ್ರಿಲ್ ಮಾಡಬೇಡಿ. ಕಬ್ಬಿಣದ ತೂತಿನ ಅಂಚು ಚಾಕು ಇದ್ದ ಹಾಗೆ. ದಾರಿಯಲ್ಲಿ ಹಳದಿ ಪೈಪಿನೊಳಗೆ ಹೋಗುವ ವೈರ್ ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗ್‌ನದ್ದು, ಮುಟ್ಟಬೇಡಿ. ಜಾಯಿಂಟುಗಳಿಗೆ ಥಿಂಬಲ್ (ವೈರಿನ ತುದಿಗೆ ಹಾಕುವ ಲೋಹದ ತುಂಡು) ಹಾಕಿ ಒತ್ತಿ, ಮೇಲೆ ಬಿಸಿ ಮಾಡಿದರೆ ಕುಗ್ಗಿ ಅಪ್ಪಿಕೊಳ್ಳುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ಬರೀ ಸುತ್ತಿ ಟೇಪ್ ಹಾಕಿದ ಜಾಯಿಂಟು ನಮ್ಮ ಕರಾವಳಿ, ಮಲೆನಾಡಿನ ತೇವಕ್ಕೆ ಬೇಗ ಹಸಿರು ಹಿಡಿಯುತ್ತದೆ. ಎಲ್ಲ ವೈರನ್ನೂ ಸುರುಳಿ ಪೈಪಿನೊಳಗೆ ಹಾಕಿ, ಟೈ ಹಾಕಿ ಕಟ್ಟಿ. ಸೈಲೆನ್ಸರ್ ಪೈಪು, ಫ್ಯಾನು, ಬೆಲ್ಟ್ ಇವುಗಳಿಂದ ದೂರ. ಲ್ಯಾಂಪಿನ ಕನೆಕ್ಟರ್‌ಗೆ ಸೇರುವ ಮುಂಚೆ ವೈರು ಒಂದು ಸಲ ಕೆಳಗೆ ಜೋತು ಮೇಲೆ ಬರಲಿ. ಮಳೆನೀರು ವೈರಿನ ಮೇಲೆ ಹರಿದು ಬಂದರೂ ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಕನೆಕ್ಟರ್‌ಗೆ ಹೋಗುವುದಿಲ್ಲ.

ಅರ್ತ್ ವಿಷಯದಲ್ಲಿ ಸೋಮಾರಿತನ ಬೇಡ. ಬಾಡಿಯ ಬೋಲ್ಟ್ ಬಿಚ್ಚಿ, ಕೆಳಗಿನ ಪೇಂಟು ಉಜ್ಜಿ ಕಬ್ಬಿಣ ಹೊಳೆಯುವ ಹಾಗೆ ಮಾಡಿ, ಥಿಂಬಲ್ ಕೂರಿಸಿ ಬಿಗಿ ಮಾಡಿ, ಮೇಲೆ ಸ್ವಲ್ಪ ಗ್ರೀಸ್ ಹಚ್ಚಿ. ಒಂದು ಲೈಟು ಮಂಕು, ಇನ್ನೊಂದು ಜೋರು ಅಂತ ಬರುವ ದೂರುಗಳಲ್ಲಿ ನಾನು ಮೊದಲು ನೋಡುವುದೇ ಅರ್ತ್. ಬ್ಯಾಟರಿ ಮತ್ತೆ ಜೋಡಿಸಿ ಎಂಜಿನ್ ಸ್ಟಾರ್ಟ್ ಮಾಡಿ, ಲೈಟು ಹಾಕಿ, ಬ್ಯಾಟರಿ ಹತ್ತಿರ ಒಂದು ಸಲ, ಲ್ಯಾಂಪಿನ ಹತ್ತಿರ ಒಂದು ಸಲ ಮಲ್ಟಿಮೀಟರ್ ಹಿಡಿದು ವೋಲ್ಟ್ ನೋಡಿ. ಅರ್ಧ ವೋಲ್ಟ್ ಒಳಗೆ ವ್ಯತ್ಯಾಸ ಇದ್ದರೆ ಚೆನ್ನಾಗಿದೆ. ಜಾಸ್ತಿ ಇದ್ದರೆ ಯಾವುದೋ ಜಾಯಿಂಟು ಸಡಿಲ, ಇಲ್ಲಾ ವೈರ್ ಸಣ್ಣದು.

ಒಂದು ಮಾತು. ಈಚಿನ ಹೊಸ ಕಾರುಗಳಲ್ಲಿ ಲೈಟುಗಳನ್ನು ಕಂಪ್ಯೂಟರ್ ನಡೆಸುತ್ತದೆ. ಅಲ್ಲಿ ಸಿಕ್ಕ ವೈರಿಗೆ ಕೈ ಹಾಕಿದರೆ ಮೀಟರಿನಲ್ಲಿ ವಾರ್ನಿಂಗ್ ದೀಪ ಬರುತ್ತದೆ, ವಾರಂಟಿಯೂ ಹೋಗಬಹುದು. ಅಂಥ ಕಾರಿಗೆ ಕಂಪನಿಯ ಒರಿಜಿನಲ್ ಕಿಟ್ಟನ್ನೇ ಸರ್ವಿಸ್ ಸೆಂಟರ್‌ನಲ್ಲಿ ಹಾಕಿಸಿ. ಸುಮ್ನೆ ಸಾಹಸ ಬೇಡ.

ಲ್ಯಾಂಪ್ ಕೂರಿಸುವಾಗ ಗಾಜಿನ ಮೇಲೆ ಟಾಪ್ ಅಂತ ಬರೆದದ್ದು ಮೇಲೆ ಬರಬೇಕು. ತಲೆಕೆಳಗಾದರೆ ಕಟ್ ಕೆಳಗೆ ಹೋಗಿ ಬೆಳಕೆಲ್ಲ ಆಕಾಶಕ್ಕೆ. ಬಲ್ಬ್ 55 ವ್ಯಾಟ್ ಅಂತ ಬರೆದಿದ್ದರೆ 55ನ್ನೇ ಹಾಕಿ. 100 ವ್ಯಾಟ್ ಹಾಕಿದರೆ ಪ್ಲಾಸ್ಟಿಕ್ ಬಾಡಿ ಕರಗುವುದೂ ಉಂಟು. ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಹಿಡಿಯಬೇಡಿ, ಬೆರಳಿನ ಎಣ್ಣೆ ಅಂಟಿದ ಕಡೆ ಬಿಸಿ ಜಾಸ್ತಿಯಾಗಿ ಬೇಗ ಹೋಗುತ್ತದೆ. ಲ್ಯಾಂಪಿನ ಕೆಳಗಡೆ ಗಾಳಿ ಆಡುವ ಸಣ್ಣ ತೂತಿದ್ದರೆ ಅದನ್ನು ಸಿಲಿಕಾನ್ ಹಾಕಿ ಮುಚ್ಚಬೇಡಿ.

ಈಗ ತಗ್ಗಿಸುವ ಕೆಲಸ, ಅರ್ಧ ಜನ ಬಿಟ್ಟೇಬಿಡುವ ಕೆಲಸ. ಸಮತಟ್ಟಾದ ನೆಲ ಇರಲಿ, ಎದುರಿಗೆ ಗೋಡೆ ಇರಲಿ, ಕತ್ತಲಾಗಿರಲಿ. ಟೈರಿನ ಗಾಳಿ ಸರಿ ಮಾಡಿಕೊಂಡು, ಡ್ರೈವರ್ ಸೀಟಿನಲ್ಲಿ ಯಾರನ್ನಾದರೂ ಕೂರಿಸಿ. ಲ್ಯಾಂಪಿನಿಂದ ಗೋಡೆಗೆ 5 ಮೀಟರ್ ದೂರದಲ್ಲಿ ಕಾರು ನಿಲ್ಲಿಸಿ. ಲ್ಯಾಂಪಿನ ನಡುಭಾಗ ನೆಲದಿಂದ ಎಷ್ಟು ಎತ್ತರ ಅಂತ ಅಳೆದು, ಅದಕ್ಕಿಂತ 10 ಸೆಂಟಿಮೀಟರ್ ಕೆಳಗೆ ಗೋಡೆಯ ಮೇಲೆ ಅಡ್ಡಡ್ಡ ಟೇಪ್ ಅಂಟಿಸಿ. ಬೆಳಕಿನ ಮೇಲಿನ ಅಂಚು ಆ ಟೇಪಿನ ಮೇಲೆ ಕೂರುವ ತನಕ ಲ್ಯಾಂಪನ್ನು ಏರಿಳಿಸುವ ಸ್ಕ್ರೂ ತಿರುಗಿಸಿ. ಅಂದರೆ ನೂರು ಮೀಟರ್‌ಗೆ ಎರಡು ಮೀಟರ್ ಇಳಿಜಾರು. 45 ಸೆಂಟಿಮೀಟರ್ ಎತ್ತರದ ಲ್ಯಾಂಪಿನ ಬೆಳಕು ಆಗ ಸುಮಾರು 22 ಮೀಟರ್ ಮುಂದೆ ನೆಲ ಮುಟ್ಟುತ್ತದೆ. ಇಷ್ಟು ಕಮ್ಮಿನಾ ಅನ್ನಿಸಬಹುದು, ಆದರೆ ದಟ್ಟ ಮಂಜಿನಲ್ಲಿ ಅದಕ್ಕಿಂತ ಮುಂದಿನದು ಹೇಗೂ ಕಾಣುವುದಿಲ್ಲ. ಬೆಳಕು ಮುಟ್ಟುವ ದೂರದೊಳಗೆ ನಿಲ್ಲುವಷ್ಟು ನಿಧಾನ ಹೋಗಿ. ಎರಡೂ ಲ್ಯಾಂಪ್ ನೇರ ಮುಂದಕ್ಕೆ ನೋಡಲಿ. ಫಾಗ್ ಲ್ಯಾಂಪ್ ಬೆಳಕು ತಾನಾಗಿಯೇ ಅಗಲ ಹರಡುತ್ತದೆ, ಹೊರಕ್ಕೆ ತಿರುಗಿಸುವ ಅಗತ್ಯ ಇಲ್ಲ.

ಹಿಂದಿನ ಸೀಟು, ಡಿಕ್ಕಿ ತುಂಬಿಸಿದರೆ ಕಾರಿನ ಮೂಗು ಮೇಲೇಳುತ್ತದೆ, ಬೆಳಕೂ ಅದರ ಜೊತೆ ಏಳುತ್ತದೆ. ಹೆಡ್‌ಲೈಟಿಗೆ ಇರುವ ಏರಿಳಿಸುವ ಚಕ್ರ ಇದಕ್ಕೆ ಕೆಲಸ ಮಾಡುವುದಿಲ್ಲ. ಯಾವಾಗಲೂ ಸಂಸಾರ ಸಮೇತ ಊರಿಗೆ ಹೋಗುವವರು ಆ ಭಾರದಲ್ಲೇ ಒಂದು ಸಲ ಗೋಡೆ ಮುಂದೆ ನಿಲ್ಲಿಸಿ ನೋಡಿ, ಬೇಕಿದ್ದರೆ ಇನ್ನೆರಡು ಮೂರು ಸೆಂಟಿಮೀಟರ್ ಇಳಿಸಿ.

ಮಂಜಿನಲ್ಲಿ ಲೋಬೀಮ್ ಜೊತೆ ಹಾಕಿ, ಮಂಜು ಕಳೆದ ಕೂಡಲೇ ಆರಿಸಿ. ಊರೊಳಗೆ, ಒಣ ಹೆದ್ದಾರಿಯಲ್ಲಿ ಅಂದಕ್ಕೆ ಉರಿಸಿಕೊಂಡು ಹೋಗುವುದರಲ್ಲಿ ಏನೂ ಲಾಭ ಇಲ್ಲ. ಕಾರಿನ ಮುಂದೆ ಹತ್ತಿರದ ನೆಲ ಜಾಸ್ತಿ ಬೆಳಗಿದರೆ ಕಣ್ಣು ಅದಕ್ಕೇ ಹೊಂದಿಕೊಂಡು ದೂರದ್ದು ಇನ್ನೂ ಮಂಕಾಗುತ್ತದೆ. ಕೂರಿಸಿದ ಮೇಲೆ ಮೊದಲ ಘಾಟಿ ಪ್ರಯಾಣ ಮುಗಿಸಿ ಬಂದು ಬೋಲ್ಟು, ಅರ್ತ್ ಎರಡನ್ನೂ ಇನ್ನೊಮ್ಮೆ ಬಿಗಿ ಮಾಡಿ, ಫ್ಯೂಸ್ ಹೋಲ್ಡರ್ ಮುಟ್ಟಿ ನೋಡಿ. ಕೈಗೆ ಬಿಸಿ ಹತ್ತಿದರೆ ಅಲ್ಲಿ ಹಿಡಿತ ಸಡಿಲ ಇದೆ, ಹೋಲ್ಡರ್ ಬದಲಿಸಿ.