ಬೆಳಿಗ್ಗೆ 5.30ಕ್ಕೆ ಏಳಲು ನನಗೆ ಕೈ ಹಿಡಿದ ಉಪಾಯ
ನಮ್ಮ ಬಳ್ಳಾರಿ ಬಿಸಿಲು ಗೊತ್ತಲ್ಲ, ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಡ್ಯೂಟಿಗೆ ಹೋಗುವವರು ವಾಕಿಂಗ್ ಮುಗಿಸಬೇಕಂದರೆ ನಸುಕಿನಲ್ಲೇ ಏಳಬೇಕು. ನಾನು ಮೂರು ಸಲ ಶುರು ಮಾಡಿ ಬಿಟ್ಟವನು.

ಈಗ ರಾತ್ರಿ ಫೋನನ್ನು ಅಡುಗೆಮನೆ ಕಟ್ಟೆ ಮೇಲೆ ಇಡುತ್ತೇನೆ. ಅಲಾರಂ ಹೊಡೆದರೆ ಎದ್ದು ನಡೆಯಲೇಬೇಕು, ಇಲ್ಲದಿದ್ದರೆ ಮನೆಯವರೆಲ್ಲ ಎದ್ದು ಬೈಯುತ್ತಾರೆ! ಶೂ ಬಾಗಿಲ ಹತ್ತಿರ ರೆಡಿ ಇರುತ್ತದೆ. ಎಲ್ಲಕ್ಕಿಂತ ಜಾಸ್ತಿ ಉಪಯೋಗ ಆದದ್ದು ಪಕ್ಕದ ಮನೆ ಅಣ್ಣ. 'ಕೋಟೆ ಗುಡ್ಡದ ಕಡೆ ಹೋಗೋಣ, ಗೇಟ್ ಹತ್ತಿರ ನಿಂತಿರ್ರಿ' ಅಂತ ಹೇಳಿಟ್ಟಿದ್ದೇನೆ. ಅವರು ಕಾಯುತ್ತಿರುತ್ತಾರಲ್ಲ ಅನ್ನುವ ನಾಚಿಕೆಗೇ ನಿದ್ದೆ ಹಾರುತ್ತದೆ.

ಮೊದಲ ವಾರ 10 ನಿಮಿಷ ಸಾಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ, ಅಂದರೆ ಐದು ದಿನ ಅರ್ಧರ್ಧ ಗಂಟೆ ಚುರುಕಾದ ನಡಿಗೆ. ವಾಪಸ್ ಬರುವಾಗ ಒಗ್ಗರಣೆ-ಮಿರ್ಚಿ ಬಂಡಿ ಕಡೆ ನೋಡಬೇಡಿ. ಭಾನುವಾರ ನಾನೂ ನೋಡುತ್ತೇನೆ, ಅದು ಬೇರೆ ಮಾತು.