ಅರ್ಜುನ–ಬಬ್ರುವಾಹನರ ವಾಗ್ವಾದವನ್ನು ವೇದಿಕೆಗೆ ತರುವ ಬಗೆ

ರಾಜ್ಯೋತ್ಸವ ಹತ್ತಿರವಾದಂತೆ ನಮ್ಮ ಬಡಾವಣೆಯ ಹುಡುಗರು ‘ಬಬ್ರುವಾಹನ’ ಚಿತ್ರದ ದೃಶ್ಯ ಕಲಿಸಿ ಎಂದು ಬರುತ್ತಾರೆ. ಎಲ್ಲರಿಗೂ ‘ಯಾರು ತಿಳಿಯರು ನಿನ್ನ’ ಎಂದು ಗಂಟಲು ಬಿರಿಯುವಂತೆ ಹಾಡುವ ಆತುರ. ನಾನು ಅಲ್ಲಿಂದ ಆರಂಭಿಸಲು ಬಿಡುವುದಿಲ್ಲ.

ಮೊದಲು ಮಗ ತಂದೆಯ ಕಾಲಿಗೆರಗಬೇಕು. ಯಾಗದ ಕುದುರೆ ಅರ್ಜುನನದೆಂದು ತಾಯಿಯಿಂದ ತಿಳಿದು, ಅದನ್ನು ಒಪ್ಪಿಸಲು ಕಾಣಿಕೆಯೊಡನೆ ಬಂದ ಹುಡುಗ ಅವನು. ಅರ್ಜುನ ಅವನನ್ನು ಮಗನೆಂದು ಒಪ್ಪದೆ ತಾಯಿ ಚಿತ್ರಾಂಗದೆಯ ಶೀಲವನ್ನೇ ಹಳಿಯುತ್ತಾನೆ. ವ್ಯಾಸಭಾರತದಲ್ಲಿ ಅವನು ಗದರುವುದು ಮಗ ಕಾದಾಡದೆ ಶರಣು ಬಂದನೆಂದು. ತಾಯಿಯ ಮೇಲಿನ ಅಪವಾದ ಜೈಮಿನಿಯ ದಾರಿ. ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಿ ಆ ಭಾಗವನ್ನು ಒಮ್ಮೆಯಾದರೂ ಓದಿಸಿ. ಬಬ್ರುವಾಹನನ ಸಿಟ್ಟು ಶೌರ್ಯದ ಜಂಬವಲ್ಲ, ಅವ್ವನಿಗಾದ ಅವಮಾನದ ಉರಿ ಎಂಬುದು ಹುಡುಗನಿಗೆ ಹೊಳೆದರೆ ಅರ್ಧ ಅಭಿನಯ ಬಂದಂತೆಯೇ. ಹಳಿಯುವ ಮಾತು ಮುಗಿಯುವವರೆಗೆ ಅವನ ದನಿ ಏರಕೂಡದು. ಮಾತು ಮುಗಿದ ಮೇಲೆ ಒಂದು ಉಸಿರಿನಷ್ಟು ಮೌನ. ಅನಂತರವೇ ಹಾಡು.

1977ರ ಈ ಚಿತ್ರವನ್ನು ನಿರ್ದೇಶಿಸಿದವರು ಹುಣಸೂರು ಕೃಷ್ಣಮೂರ್ತಿ, ಸಂಗೀತ ಟಿ.ಜಿ. ಲಿಂಗಪ್ಪ ಅವರದು. ತೆರೆಯ ಮೇಲೆ ತಂದೆ, ಮಗ ಇಬ್ಬರೂ ರಾಜ್‌ಕುಮಾರ್. ಈ ಹಾಡಿನಲ್ಲಿ ಮಾತ್ರ ಅವರ ಕಂಠವೂ ಪಿ.ಬಿ. ಶ್ರೀನಿವಾಸ್ ಅವರ ಕಂಠವೂ ಎದುರುಬದುರಾಗುತ್ತವೆ. ಆದ್ದರಿಂದ ದನಿಯ ಬಣ್ಣ ಬೇರೆಬೇರೆ ಇರುವ ಇಬ್ಬರನ್ನು ಆರಿಸಿ. ಗಟ್ಟಿ ನಟನನ್ನು ಅರ್ಜುನನ ಪಾತ್ರಕ್ಕೆ ಹಾಕಿ. ಕೆರಳುವುದು ಸುಲಭ, ನಿಂತಲ್ಲೇ ನಿಂತು, ತಗ್ಗಿದ ದನಿಯಲ್ಲಿ ತಿರಸ್ಕರಿಸುವುದು ಕಷ್ಟ.

ಧ್ವನಿಮುದ್ರಿಕೆಗೆ ತುಟಿ ಆಡಿಸುವುದನ್ನು ನಾನು ಒಪ್ಪುವುದಿಲ್ಲ. ಹಾರ್ಮೋನಿಯಂ, ತಬಲಾ ಎರಡಿದ್ದರೆ ಸಾಕು. ರಾಗಕ್ಕೆ ಕೈಹಾಕುವ ಮೊದಲು ಸಾಹಿತ್ಯವನ್ನು ಗದ್ಯದಂತೆ ಓದಿಸಿ, ಸಂಧಿ ಬಿಡಿಸಿ ಅರ್ಥ ಹೇಳಿಸಿ. ‘ಭುಜಬಲ’ದ ಮಹಾಪ್ರಾಣ ‘ಬುಜಬಲ’ವಾದರೆ ಅಲ್ಲೇ ನಿಲ್ಲಿಸಿ ತಿದ್ದಿ. ಉಸಿರು ಎಳೆಯಬೇಕಾದದ್ದು ಅರ್ಥ ಮುಗಿದಲ್ಲಿ, ಪದದ ನಡುವೆ ಅಲ್ಲ. ಒಬ್ಬ ಹಾಡುವಾಗ ಇನ್ನೊಬ್ಬ ತನ್ನ ಸರದಿ ಕಾಯುತ್ತ ಸುಮ್ಮನೆ ನಿಲ್ಲಬಾರದು, ಪ್ರತಿ ಮಾತೂ ಅವನಿಗೆ ಬಾಣದಂತೆ ನಾಟಬೇಕು.

ವೇಷದ ವಿಷಯ ಸ್ವಲ್ಪವೇ ಇದೆ. ಕಿರೀಟದ ಒಳಗೆ ಬಟ್ಟೆಯ ಪಟ್ಟಿ ಬಿಗಿಯಿರಿ. ಮಣಿಸರವನ್ನು ಕಾಲರ್ ಮೈಕಿನಿಂದ ದೂರವಿಡಿ, ಇಲ್ಲದಿದ್ದರೆ ಹಾಡಿನ ತುಂಬ ಅದರದೇ ಸದ್ದು.

ಇಬ್ಬರೂ ಬಿಲ್ಲಿಗೆ ಕೈಹಾಕಿದ ಕ್ಷಣವೇ ಪರದೆ ಎಳೆಯಿರಿ. ಅರ್ಜುನ ಮಗನ ಬಾಣಕ್ಕೆ ಬೀಳುವುದು, ಅರ್ಜುನನ ಇನ್ನೊಬ್ಬ ಹೆಂಡತಿ ನಾಗಕನ್ಯೆ ಉಲೂಪಿ ಮತ್ತು ಅವನನ್ನು ಬದುಕಿಸುವ ನಾಗಮಣಿಯ ಕತೆ, ಇವನ್ನೆಲ್ಲ ಐದೇ ನಿಮಿಷದಲ್ಲಿ ತುರುಕಬೇಡಿ. ಅದಕ್ಕೆ ಮುಂದಿನ ವರ್ಷ ಬೇರೆಯೇ ಪ್ರಯೋಗ ಮಾಡಿ, ಚಿತ್ರಾಂಗದೆಗೂ ಮಾತು ಕೊಡಿ.